ಎಷ್ಟು ಕೊಡುತ್ತೆ, ಎಷ್ಟಕ್ಕೆ ಹೋಗುತ್ತೆ?

2004ರಲ್ಲಿ ಗ್ರಾಹಕರೊಬ್ಬರು ಮಾರುತಿ ಝೆನ್ ಕಾರು ಕೊಂಡರು. ಲೀಟರಿಗೆ 16ರಿಂದ 18 ಕಿ.ಮೀ. ಓಡುತ್ತದೆ ಎಂದು ಜಾಹೀರಾತು ಹೇಳಿತ್ತು. ರಸ್ತೆಗಿಳಿದ ಮೇಲೆ ಸಿಕ್ಕಿದ್ದು 10.2. ಸಿಟ್ಟಿಗೆದ್ದ ಅವರು ಗ್ರಾಹಕರ ವೇದಿಕೆಯ ಮೆಟ್ಟಿಲು ಹತ್ತಿದರು. ಜಿಲ್ಲೆ, ರಾಜ್ಯ, ರಾಷ್ಟ್ರೀಯ ಆಯೋಗ ಎಂದು ಮೂರು ಹಂತ ದಾಟಿ ಪ್ರಕರಣ ಮುಗಿದದ್ದು 2024ರ ಜನವರಿಯಲ್ಲಿ. ಪರಿಹಾರ 1 ಲಕ್ಷ ರೂಪಾಯಿ. ಅಷ್ಟರಲ್ಲಿ ಝೆನ್ ಮಾದರಿಯೇ ಮಾರುಕಟ್ಟೆಯಿಂದ ಮಾಯವಾಗಿ ವರ್ಷಗಳು ಕಳೆದಿದ್ದವು.

ಎಲ್ಲರೂ ಕೋರ್ಟಿಗೆ ಹೋಗುವುದಿಲ್ಲ. ಆದರೆ ಸಣ್ಣ ಕಾರು ಕೊಂಡ ಬಹುತೇಕರಿಗೆ ಈ ಅನುಭವ ಹೊಸದಲ್ಲ. ಮನೆ ಮುಂದೆ ಹೊಸ ಕಾರು ನಿಂತು, ನಿಂಬೆಹಣ್ಣು ಇನ್ನೂ ಚಕ್ರದಡಿ ಹಸಿಯಾಗಿರುವಾಗಲೇ ಪಕ್ಕದ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಮೈಲೇಜ್ ಎಷ್ಟು ಕೊಡುತ್ತೆ?’ ಎರಡನೆಯದನ್ನು ಮನೆಯ ಹಿರಿಯರು ಕೇಳುತ್ತಾರೆ: ‘ನಾಳೆ ಮಾರಿದರೆ ಎಷ್ಟಕ್ಕೆ ಹೋಗುತ್ತೆ?’ ದೊಡ್ಡ ಕಾರು ಕೊಳ್ಳುವವರನ್ನು ಇವೆರಡೂ ಅಷ್ಟಾಗಿ ಕಾಡುವುದಿಲ್ಲ. ಸಣ್ಣ ಕಾರಿನ ಸಂಸಾರವೆಲ್ಲ ನಿಂತಿರುವುದೇ ಇವುಗಳ ಮೇಲೆ. ಮೊದಲನೆಯ ಪ್ರಶ್ನೆಗೆ ಕಂಪನಿ, ಸರ್ಕಾರ, ಮಾಲೀಕ ಎಲ್ಲರ ಬಳಿಯೂ ಒಂದೊಂದು ಅಂಕಿ ಇದೆ. ಎರಡನೆಯದಕ್ಕೆ ಉತ್ತರ ಸಿಗುವುದು ಮಾರುವ ದಿನವೇ. ಸಮಸ್ಯೆ ಏನೆಂದರೆ, ಜನ ಎರಡನ್ನೂ ಬೇರೆ ಬೇರೆ ಲೆಕ್ಕವೆಂದು ತಿಳಿದಿದ್ದಾರೆ. ಅದು ಒಂದೇ ಲೆಕ್ಕ, ಮತ್ತು ಅದರಲ್ಲಿ ಮೈಲೇಜಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲುತ್ತಿದೆ.

ಶೋರೂಮಿನಲ್ಲಿ ಸಿಗುವ ಕರಪತ್ರದ ಅಂಕಿಯಿಂದಲೇ ಶುರು ಮಾಡಬಹುದು. ಅದು ಹುಟ್ಟುವುದು ರಸ್ತೆಯ ಮೇಲಲ್ಲ, ಪ್ರಯೋಗಾಲಯದಲ್ಲಿ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ವಾಹನ ಪರೀಕ್ಷಾ ಸಂಸ್ಥೆಗಳಲ್ಲಿ ಕಾರನ್ನು ರೋಲರುಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಕದಲುವುದಿಲ್ಲ. ಚಾಲಕನ ಎದುರಿನ ಪರದೆಯ ಮೇಲೆ ವೇಗದ ಗೆರೆಯೊಂದು ಓಡುತ್ತಿರುತ್ತದೆ. ಅದು ಏರಿದಾಗ ಏರಿಸಬೇಕು, ಇಳಿದಾಗ ಇಳಿಸಬೇಕು. ಈ ನಾಟಕದ ಅವಧಿ 1,180 ಸೆಕೆಂಡು, ಅಂದರೆ 20 ನಿಮಿಷಕ್ಕೆ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಕಾರು 10 ಕಿ.ಮೀ.ಗೂ ತುಸು ಹೆಚ್ಚು ‘ಓಡಿರುತ್ತದೆ’. ಗರಿಷ್ಠ ವೇಗ 90 ಕಿ.ಮೀ. ಎ.ಸಿ. ಬಂದ್. ಗಾಳಿ, ಗುಂಡಿ, ಹಂಪು, ಅಡ್ಡ ಬರುವ ಎಮ್ಮೆ ಯಾವುದೂ ಇಲ್ಲ. ಹೊಗೆಯಲ್ಲಿ ಹೊರಬಂದ ಇಂಗಾಲದ ಪ್ರಮಾಣವನ್ನು ಅಳೆದು ಎಷ್ಟು ಪೆಟ್ರೋಲ್ ಉರಿಯಿತೆಂದು ಕಂಡುಹಿಡಿಯುತ್ತಾರೆ.

ಇದರ ಪಕ್ಕಕ್ಕೆ ಬೆಂಗಳೂರನ್ನು ಇಟ್ಟು ನೋಡಿ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದ ಪ್ರಕಾರ ಈ ಊರಿನಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕು. ಪ್ರಯೋಗಾಲಯದಲ್ಲಿ 20 ನಿಮಿಷಕ್ಕೆ ಮುಗಿಯುವ ದೂರಕ್ಕೆ ಇಲ್ಲಿ ಇನ್ನೂ 14 ನಿಮಿಷ ಹೆಚ್ಚು ಎಂಜಿನ್ ಉರಿಯಬೇಕು, ಅದೂ ಎ.ಸಿ. ಹಾಕಿಕೊಂಡು, ಮೊದಲ ಮತ್ತು ಎರಡನೇ ಗೇರಿನಲ್ಲಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಾರಿನ ಮೈಲೇಜ್ ಶೂನ್ಯ. ಹಾಗೆ ಸುಮ್ಮನೆ ಒಂದು ಗಂಟೆ ಎಂಜಿನ್ ಓಡಿದರೆ ಸಣ್ಣ ಕಾರೂ ಅರ್ಧ ಲೀಟರಿಗೂ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ.

ಹಾಗೆಂದು ಕಂಪನಿಯ ಅಂಕಿ ಸುಳ್ಳಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆ ಇರುವುದರಿಂದ ಹೋಲಿಕೆಗೆ ಅದು ಬರುತ್ತದೆ, ಮನೆಯ ಬಜೆಟ್ಟಿಗೆ ಬರುವುದಿಲ್ಲ. ಆಲ್ಟೊ ಕೆ10ರ ಮ್ಯಾನ್ಯುಯಲ್ ಮಾದರಿಗೆ 24.39, 1 ಲೀಟರ್ ವ್ಯಾಗನ್ ಆರ್‌ಗೆ 24.35, 2024ರ ಹೊಸ ಸ್ವಿಫ್ಟ್‌ಗೆ 24.8 ಎಂದು ಕಂಪನಿ ಹೇಳುತ್ತದೆ. ಸೆಲೆರಿಯೊ ಕಾರಿನ ಒಂದು ಆಟೋ ಗೇರ್ ಮಾದರಿಯದಂತೂ 26.68. ಬಳಸುವವರನ್ನು ಕೇಳಿದರೆ ಊರೊಳಗೆ 14ರಿಂದ 17, ಹೆದ್ದಾರಿಯಲ್ಲಿ ಹದವಾಗಿ ಓಡಿಸಿದರೆ 20ರ ಆಚೆ ಎನ್ನುತ್ತಾರೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮಿತಿಯಾದ 100 ಕಿ.ಮೀ. ವೇಗದಲ್ಲಿ ಪೂರ್ತಿ ದಾರಿ ಹೋದರೆ ಮತ್ತೆ ಇಳಿಯುತ್ತದೆ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಅದರೆದುರು ಏದುಸಿರು ಬಿಡುತ್ತದೆ. ಇದೇ ಕಾರು 70ರಲ್ಲಿ ಹಾಸನದ ದಾರಿ ಹಿಡಿದರೆ ಮಾಲೀಕ ಊರಿಗೆಲ್ಲ ಹೇಳಿಕೊಂಡು ಬರುವಷ್ಟು ಕೊಡುತ್ತದೆ.

ಮೈಲೇಜ್ ವಿಷಯದಲ್ಲಿ ಜನ ಮೋಸ ಹೋಗುವ ಇನ್ನೊಂದು ಜಾಗವಿದೆ, ಅದು ಗಣಿತ. ಲೀಟರಿಗೆ ಎಷ್ಟು ಕಿ.ಮೀ. ಎಂದು ನಾವು ಕೇಳುತ್ತೇವೆ. ಯೂರೋಪಿನವರು 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ಕೇಳುತ್ತಾರೆ. ಎರಡೂ ಒಂದೇ ಎನಿಸಬಹುದು. ವರ್ಷಕ್ಕೆ 12,000 ಕಿ.ಮೀ. ಓಡುವ ಮನೆಯೊಂದನ್ನು ತೆಗೆದುಕೊಳ್ಳಿ. 10 ಕೊಡುವ ಹಳೆಯ ಕಾರು ಬಿಟ್ಟು 12 ಕೊಡುವುದಕ್ಕೆ ಬದಲಾದರೆ ಉಳಿಯುವುದು 200 ಲೀಟರ್. 20 ಕೊಡುವುದನ್ನು ಬಿಟ್ಟು 24 ಕೊಡುವುದನ್ನು ತಂದರೆ ಉಳಿಯುವುದು 100 ಲೀಟರ್ ಮಾತ್ರ. ಮೇಲಿನ ಅಂಕಿಗಳಲ್ಲಿ ಕಾಣುವ 4 ಕಿ.ಮೀ. ವ್ಯತ್ಯಾಸಕ್ಕೆ ಕೆಳಗಿನ 2 ಕಿ.ಮೀ.ಯ ಸರಿಯಾಗಿ ಅರ್ಧದಷ್ಟೇ ತೂಕ. ಇಂದಿನ ಸಣ್ಣ ಕಾರುಗಳೆಲ್ಲ ಮೇಲಿನ ಗುಂಪಿನವೇ. ಅವುಗಳ ನಡುವೆ ಒಂದೆರಡು ಕಿ.ಮೀ. ಹೆಚ್ಚುಕಡಿಮೆಗಾಗಿ ಮೂರು ಶೋರೂಮ್ ಸುತ್ತುವುದು ಶುದ್ಧ ಕಾಲಹರಣ.

ಇದರ ಮೇಲೆ ಎಥೆನಾಲ್ ಬಂದಿದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ತಲುಪಿತು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬಿನ ಬೆಳೆಗಾರರಿಗೂ ಸಕ್ಕರೆ ಕಾರ್ಖಾನೆಗಳಿಗೂ ಇದು ಒಳ್ಳೆಯ ಸುದ್ದಿ. ಕಾರಿನ ಟ್ಯಾಂಕಿಗೆ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6–7, ಹೊಸ ಮಿಶ್ರಣಕ್ಕೆ ಹೊಂದಿಸಿದವುಗಳಲ್ಲಿ ಶೇ 1–2 ಮೈಲೇಜ್ ಇಳಿಯಬಹುದೆಂದು ಅಂದಾಜಿಸಿತ್ತು. ಊರೊಳಗೆ 17 ಕೊಡುತ್ತಿದ್ದ ಹಳೆಯ ಕಾರು ವರ್ಷಕ್ಕೆ 12,000 ಕಿ.ಮೀ. ಓಡಿದರೆ, ಶೇ 6ರ ಇಳಿಕೆಯೆಂದರೆ ಸುಮಾರು 45 ಲೀಟರ್ ಹೆಚ್ಚು. ಬೆಂಗಳೂರಿನ 2025ರ 103 ರೂಪಾಯಿ ಆಸುಪಾಸಿನ ದರದಲ್ಲಿ ನಾಲ್ಕೂವರೆ ಸಾವಿರ ರೂಪಾಯಿ. ಪ್ರಾಣ ಹೋಗುವ ಮೊತ್ತವಲ್ಲ, ಆದರೆ ಮಿಶ್ರಣ ಬದಲಾದರೂ ಪೆಟ್ರೋಲ್ ದರ ಇಳಿಯಲಿಲ್ಲ ಎಂಬುದು ಮಾಲೀಕರ ಕೊರಗು. ಅದರಲ್ಲಿ ನ್ಯಾಯವಿದೆ. 2023ರ ಏಪ್ರಿಲಿನ ನಂತರ ತಯಾರಾದ ಕಾರುಗಳ ರಬ್ಬರು, ಪೈಪುಗಳು ಇದಕ್ಕೆ ಒಗ್ಗುವಂತೆ ಬಂದಿವೆ. ಹಳೆಯ ಕಾರು ನೋಡುವವರು ಈಗ ‘ಯಾವ ವರ್ಷದ್ದು’ ಎಂದು ಕೇಳುವುದರ ಹಿಂದೆ ಈ ಕಾರಣವೂ ಸೇರಿಕೊಂಡಿದೆ.

ಮೈಲೇಜೊಂದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಡೀಸೆಲ್ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸರ್ಕಾರ 2010ರಲ್ಲಿ ಪೆಟ್ರೋಲ್ ದರವನ್ನು ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್ಲನ್ನು ಮಾತ್ರ ಹಿಡಿದಿಟ್ಟುಕೊಂಡಿತು. 2012ರ ಬೇಸಿಗೆಯ ಹೊತ್ತಿಗೆ ಇವೆರಡರ ನಡುವೆ ಲೀಟರಿಗೆ 30 ರೂಪಾಯಿಗೂ ಹೆಚ್ಚು ಅಂತರ. ಜನ ಡೀಸೆಲ್ ಕಾರಿಗೆ ಮುಗಿಬಿದ್ದರು. ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರ ಹೊಟ್ಟೆಯೊಳಗೂ ಕೂತಿತು. ಡೀಸೆಲ್ ಸ್ವಿಫ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಬಳಸಿದ್ದಕ್ಕೂ ಹೊಸದರ ಹತ್ತಿರದ ಬೆಲೆ. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವೂ ಮುಕ್ತವಾಯಿತು. ಅಂತರ ಕರಗಿತು. 2020ರ ಏಪ್ರಿಲಿನಲ್ಲಿ ಬಿಎಸ್6 ಮಾಲಿನ್ಯ ನಿಯಮ ಬಂದಾಗ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. 2025ರಲ್ಲಿ ಬೆಂಗಳೂರಿನಲ್ಲಿ ಎರಡರ ನಡುವಿನ ವ್ಯತ್ಯಾಸ 12 ರೂಪಾಯಿಯಷ್ಟಿತ್ತು.

ಇದೇ ಕಥೆಯಲ್ಲಿ ಒಂದು ಉಪಕಥೆ. 2015ರಲ್ಲಿ ಮಾರುತಿ ತಾನೇ ತಯಾರಿಸಿದ 793 ಸಿಸಿಯ, ಎರಡೇ ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಸೆಲೆರಿಯೊಗೆ ಕೂರಿಸಿತು. ಮೈಲೇಜ್ 27.62. ಕಾಗದದ ಮೇಲೆ ಅಂದಿನ ಚಾಂಪಿಯನ್. ಆದರೆ ಸದ್ದು, ನಡುಕ ಎರಡೂ ಹೆಚ್ಚು. ಜನ ಮೂಗು ಮುರಿದರು. ಎರಡು ವರ್ಷ ತುಂಬುವಷ್ಟರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಮೈಲೇಜ್ ನಂಬಿ ಕೊಂಡವರ ಕೈಯಲ್ಲಿ ಉಳಿದದ್ದು ಮೆಕ್ಯಾನಿಕ್ಕುಗಳು ಮುಟ್ಟಲು ಹಿಂಜರಿಯುವ, ಕೊಳ್ಳುವವರು ವಿರಳವಾದ ಕಾರು. ಉಳಿಸಿದ ಡೀಸೆಲ್ ಹಣವನ್ನು ಮರುಮಾರಾಟದ ದಿನ ಒಂದೇ ಏಟಿಗೆ ವಾಪಸು ಕೊಟ್ಟಂತಾಯಿತು.

ಈಗ ಡೀಸೆಲ್ಲಿನ ಜಾಗಕ್ಕೆ ಸಿಎನ್‌ಜಿ ಬಂದಿದೆ. ಲೆಕ್ಕ ಸರಳ. ದರ ಕೆ.ಜಿ.ಗೆ 90 ರೂಪಾಯಿ, ನಿಜದ ಬಳಕೆಯಲ್ಲಿ ಕೆ.ಜಿ.ಗೆ 25 ಕಿ.ಮೀ. ಹಿಡಿದರೆ ಕಿ.ಮೀ.ಗೆ 3 ರೂಪಾಯಿ 60 ಪೈಸೆ. ಪೆಟ್ರೋಲಿನಲ್ಲಿ 17ರಂತೆ ಸುಮಾರು 6 ರೂಪಾಯಿ. ಸಿಎನ್‌ಜಿ ಮಾದರಿಗೆ 85,000 ಹೆಚ್ಚು ಕೊಟ್ಟಿದ್ದರೆ ಆ ಹಣ ಹಿಂದಿರುಗಲು 35,000 ಕಿ.ಮೀ. ಓಡಬೇಕು. ದಿನಾ ಪೀಣ್ಯದಿಂದ ವೈಟ್‌ಫೀಲ್ಡಿಗೆ ಹೋಗುವವರಿಗೆ ಅದು ಎರಡು ವರ್ಷದ ಮಾತು. ವಾರಕ್ಕೊಮ್ಮೆ ದೇವಸ್ಥಾನ, ತಿಂಗಳಿಗೊಮ್ಮೆ ಊರು ಎನ್ನುವವರಿಗೆ ಏಳೆಂಟು ವರ್ಷ. ಡಿಕ್ಕಿಯ ಜಾಗ ಹೋಗುತ್ತದೆ. ಟಾಟಾ 2023ರಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ನೆಲದಡಿ ಮಲಗಿಸಿ ಈ ತಾಪತ್ರಯ ಕಡಿಮೆ ಮಾಡಿತು. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸಬೇಕು. ಮಾರುವಾಗ ಆ ಪ್ರಮಾಣಪತ್ರ ಇಲ್ಲದಿದ್ದರೆ ಬ್ರೋಕರ್ ಮೊದಲು ಹಿಡಿಯುವುದು ಅದನ್ನೇ. ಕಂಪನಿಯೇ ಕೂರಿಸಿದ ಸಿಎನ್‌ಜಿಗೆ ಬೆಲೆ ನಿಲ್ಲುತ್ತದೆ. ಹೊರಗಡೆ ಗ್ಯಾರೇಜಿನಲ್ಲಿ ಹಾಕಿಸಿ, ಆರ್‌ಸಿಯಲ್ಲಿ ನಮೂದಿಸದೆ ಬಿಟ್ಟದ್ದು ಹೊರೆ.

ಇಷ್ಟಾದ ಮೇಲೆ ಎರಡನೇ ಪ್ರಶ್ನೆಗೆ ಬರಬಹುದು.

ಕಾರಿನ ಬೆಲೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ವಿಮೆಯವರ ಬಳಿ ಒಂದು ಪಟ್ಟಿಯಿದೆ. ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ 15, ಎರಡರೊಳಗೆ 20, ಮೂರರೊಳಗೆ 30, ನಾಲ್ಕರೊಳಗೆ 40, ಐದರೊಳಗೆ 50. ಆಮೇಲೆ ಪರಸ್ಪರ ಒಪ್ಪಂದ. ಆದರೆ ಇದು ಶೋರೂಮ್ ಬೆಲೆಯ ಮೇಲಿನ ಲೆಕ್ಕ. ಮಾಲೀಕ ಕೊಟ್ಟದ್ದು ಆನ್‌ರೋಡ್ ಬೆಲೆ. ಕರ್ನಾಟಕದಲ್ಲಿ ಈ ಎರಡರ ನಡುವಿನ ಕಂದಕ ದೊಡ್ಡದು. ಇಲ್ಲಿ 5 ಲಕ್ಷದವರೆಗಿನ ಕಾರಿಗೆ ಶೇ 13, 5ರಿಂದ 10 ಲಕ್ಷದವರೆಗೆ ಶೇ 14 ಜೀವಿತಾವಧಿ ತೆರಿಗೆ, ಆ ತೆರಿಗೆಯ ಮೇಲೆ ಸೆಸ್. ದೇಶದಲ್ಲೇ ಹೆಚ್ಚು ರಸ್ತೆ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. 6 ಲಕ್ಷದ ಕಾರಿಗೆ ಸೆಸ್ ಬಿಟ್ಟೇ 84,000 ರೂಪಾಯಿ. ಕೀಲಿ ಕೈಗೆ ಬರುವ ಮುಂಚೆಯೇ ಈ ಹಣ ಹೋಗಿರುತ್ತದೆ. ಮಾರುವಾಗ ಯಾರೂ ಅದನ್ನು ಪ್ರತ್ಯೇಕವಾಗಿ ಎಣಿಸಿ ಕೊಡುವುದಿಲ್ಲ.

ಈ ತೆರಿಗೆಯಿಂದ ಮಾಲೀಕರಿಗೆ ಒಂದು ವಿಚಿತ್ರ ಲಾಭವೂ ಇದೆ. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್, 15 ದಾಟಿದ ಪೆಟ್ರೋಲ್ ಕಾರುಗಳ ಮೇಲೆ ಹಸಿರು ನ್ಯಾಯಮಂಡಳಿ ನಿಷೇಧ ಹೇರಿತ್ತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿಹಿಡಿದಿತ್ತು. ಅಲ್ಲಿಂದ ಅಗ್ಗದ ಕಾರುಗಳು ಹೊರ ರಾಜ್ಯಗಳಿಗೆ ಹರಿದವು. 2025ರ ಆಗಸ್ಟಿನಲ್ಲಿ ಕೋರ್ಟ್ ಅಂಥ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಆ ಕಾರುಗಳನ್ನು ಕರ್ನಾಟಕಕ್ಕೆ ತಂದರೆ ಎನ್‌ಒಸಿ, ಮರುನೋಂದಣಿ, ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆ ಎಲ್ಲವೂ ಆಗಬೇಕು. ಅದನ್ನೆಲ್ಲ ಕೂಡಿಸಿದರೆ ಅಗ್ಗ ಅಷ್ಟೇನೂ ಅಗ್ಗವಾಗಿ ಉಳಿಯುವುದಿಲ್ಲ. ಹೀಗಾಗಿ ಕೆಎ ನಂಬರಿನ, ಸಿಂಗಲ್ ಓನರ್ ಸಣ್ಣ ಕಾರು ಇಲ್ಲಿ ತನ್ನ ಬೆಲೆ ಹಿಡಿದುಕೊಂಡಿದೆ.

ಯಾವ ಕಾರಿಗೆ ಮರುಮಾರಾಟ ಬೆಲೆ ನಿಲ್ಲುತ್ತದೆ? ಹಳೆ ಕಾರಿನ ಅಂಗಳದಲ್ಲಿ ಈ ಪ್ರಶ್ನೆಗೆ ಅಂಜನ ಹಾಕಿ ನೋಡಬೇಕಿಲ್ಲ. ವ್ಯಾಗನ್ ಆರ್, ಸ್ವಿಫ್ಟ್, ಆಲ್ಟೊ ಸಲೀಸಾಗಿ ಹೋಗುತ್ತವೆ. ಬಂದ ಕಾರು ವಾರ ಕಳೆಯುವುದರೊಳಗೆ ಕೈ ಬದಲಾಗುತ್ತದೆ ಎಂಬ ಧೈರ್ಯವಿರುವ ವ್ಯಾಪಾರಿ ಕಡಿಮೆ ಲಾಭಕ್ಕೂ ಒಪ್ಪುತ್ತಾನೆ. ಆ ಧೈರ್ಯಕ್ಕೇ ಬೆಲೆ. ಬಿಡಿಭಾಗ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ಸಿಂಧನೂರಿನಲ್ಲೂ ಸಿಗುತ್ತದೆ. ಯಾವ ಮೆಕ್ಯಾನಿಕ್ ಬೇಕಾದರೂ ಬಾನೆಟ್ ಎತ್ತಿದ ಕೂಡಲೇ ಗುರುತು ಹಿಡಿಯುತ್ತಾನೆ. ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲೇ ನಿಂತರೂ ಸಣ್ಣ ಊರುಗಳಲ್ಲಿ ಅದು ಇನ್ನೂ ಓಡುತ್ತಿರುವುದಕ್ಕೆ ಇದೇ ಕಾರಣ. ಮೈಲೇಜ್ ಕೂಡ ಇಲ್ಲಿ ಸುತ್ತುದಾರಿಯಲ್ಲಿ ಕೆಲಸ ಮಾಡುತ್ತದೆ: ಮೊದಲ ಮಾಲೀಕನಿಗೆ ಅಷ್ಟೇನೂ ಉಳಿಸದಿದ್ದರೂ, ‘ಇದು ಒಳ್ಳೇ ಮೈಲೇಜ್ ಗಾಡಿ’ ಎಂಬ ಹೆಸರು ಎರಡನೇ ಮಾಲೀಕನಿಂದ ಹೆಚ್ಚು ಬೆಲೆ ಕೊಡಿಸುತ್ತದೆ. ಹೆಸರಿಗೂ ಒಂದು ಮಾರುಕಟ್ಟೆ ಬೆಲೆಯಿದೆ.

ಇದರ ಇನ್ನೊಂದು ಮುಖ ಬಾಗಿಲು ಮುಚ್ಚಿದ ಕಂಪನಿಗಳದ್ದು. ಡೇವೂ ಮಟಿಜ್‌ನಿಂದ ಶುರುವಾದ ಪಟ್ಟಿ ಇದು. ಜನರಲ್ ಮೋಟಾರ್ಸ್ 2017ರಲ್ಲಿ ಭಾರತದ ಮಾರಾಟ ನಿಲ್ಲಿಸಿದಾಗ ಷೆವರ್ಲೆ ಬೀಟ್ ಮತ್ತು ಸ್ಪಾರ್ಕ್ ಅನಾಥವಾದವು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಫಿಗೊ. 2022ರಲ್ಲಿ ಡಾಟ್ಸನ್ ಹೋದಾಗ ಗೊ ಮತ್ತು ರೆಡಿಗೊ. ಕಾರು ಹಿಂದಿನ ದಿನದಂತೆಯೇ ಇತ್ತು, ಮೈಲೇಜ್ ಒಂದು ಚೂರೂ ಇಳಿದಿರಲಿಲ್ಲ, ಪೇಪರಿನಲ್ಲಿ ಸುದ್ದಿ ಬಂದ ಬೆಳಗ್ಗೆಯಿಂದ ಬೆಲೆ ಕುಸಿಯಿತು. ಫಿಗೊ ಓಡಿಸಲು ಸೊಗಸಾದ ಕಾರೆಂದು ಬಲ್ಲವರು ಇಂದಿಗೂ ಒಪ್ಪುತ್ತಾರೆ. ಮಾರುವ ಯೋಚನೆಯಿಲ್ಲದೆ ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅಂಥ ಕಾರು ಅಗ್ಗದಲ್ಲಿ ಸಿಕ್ಕಿದ ನಿಧಿ. ಆದರೆ ಕೊಂಡಾಗಿನ ಹರ್ಷ ಮಾರುವಾಗಲೂ ಇರಬೇಕೆಂದು ಬಯಸುವುದು ತಪ್ಪಾಗುತ್ತದೆ. ನ್ಯಾನೊ ಕಥೆ ಇನ್ನೂ ಸೂಕ್ಷ್ಮ. ಕಂಪನಿ ಎಲ್ಲೂ ಹೋಗಲಿಲ್ಲ. 2009ರಲ್ಲಿ 1 ಲಕ್ಷದ ಕಾರೆಂದು ಬಂದು, ಲೀಟರಿಗೆ 23.6 ಕಿ.ಮೀ. ಎಂದು ಹೇಳಿಸಿಕೊಂಡು, 2018ರಲ್ಲಿ ನಿಂತುಹೋಯಿತು. ‘ಅಗ್ಗದ ಕಾರು’ ಎಂಬ ಪಟ್ಟವೇ ಅದರ ಕುತ್ತಿಗೆಗೆ ಉರುಳಾಯಿತು.

ಕಂಪನಿಯಷ್ಟೇ ಅಲ್ಲ, ಸರ್ಕಾರವೂ ಒಂದೇ ದಿನದಲ್ಲಿ ಮರುಮಾರಾಟ ಬೆಲೆ ಅಲುಗಿಸಬಲ್ಲದು. 2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಸಣ್ಣದೆಂದರೆ 4 ಮೀಟರಿಗಿಂತ ಉದ್ದವಿರದ, 1,200 ಸಿಸಿ ದಾಟದ ಪೆಟ್ರೋಲ್ ಅಥವಾ 1,500 ಸಿಸಿ ದಾಟದ ಡೀಸೆಲ್ ಕಾರು. 2006ರ ಬಜೆಟ್ಟಿನಿಂದ ಈ ಗಡಿ ನಡೆದುಬಂದಿದೆ. ಆಲ್ಟೊ ಕೆ10ರ ಬೆಲೆಯಲ್ಲಿ 1 ಲಕ್ಷ ರೂಪಾಯಿಗೂ ಹೆಚ್ಚು ಕಡಿತ, ಎಸ್‌ಪ್ರೆಸೊ ಆಗ 3.49 ಲಕ್ಷದಿಂದ ಶುರುವಾಯಿತು. ಹೊಸದಾಗಿ ಕೊಳ್ಳುವವರಿಗೆ ಹಬ್ಬ. ಹಿಂದಿನ ತಿಂಗಳು ಕೊಂಡವರಿಗೆ ಹೊಟ್ಟೆಯುರಿ. ಹೊಸದೇ 4 ಲಕ್ಷಕ್ಕೆ ಸಿಗುವಾಗ ಮೂರು ವರ್ಷ ಹಳೆಯದಕ್ಕೆ 3.5 ಲಕ್ಷ ಯಾರು ಕೊಡುತ್ತಾರೆ? ಹಳೆ ಕಾರಿನ ವ್ಯಾಪಾರಿಗಳೂ ತಮ್ಮ ಬೆಲೆ ಇಳಿಸಬೇಕಾಯಿತು. ಅದೇ ವರ್ಷದ ಆರಂಭದಲ್ಲಿ ವ್ಯಾಪಾರಿಗಳು ಹಳೆ ಸಣ್ಣ ಕಾರು ಮಾರಿ ಗಳಿಸುವ ಲಾಭದ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತ್ತು. ಒಬ್ಬ ಮಾಲೀಕ ಇನ್ನೊಬ್ಬನಿಗೆ ನೇರವಾಗಿ ಮಾರಿದರೆ ಈ ತೆರಿಗೆಯಿಲ್ಲ. ಪರಿಚಯಸ್ಥರೊಳಗೆ ಕಾರು ಕೈಬದಲಾಯಿಸುವುದೇ ಲಾಭ ಎನ್ನುವ ಹಳೆಯ ಬುದ್ಧಿಗೆ ಹೀಗೆ ಹೊಸ ಕಾರಣ ಸಿಕ್ಕಿತು.

ಹಳೆ ಕಾರಿನ ಅಂಗಳಕ್ಕೆ ಒಮ್ಮೆ ಹೋಗಿ ನಿಂತರೆ ಬೆಲೆ ಹೇಗೆ ಕಟ್ಟುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತದೆ. ಮಾರುವವನ ಮಾತು ಎಲ್ಲೆಡೆ ಒಂದೇ: ‘ಡಾಕ್ಟರ್ ಓಡಿಸಿದ ಗಾಡಿ ಸಾರ್, ಮನೆ–ಕ್ಲಿನಿಕ್ ಅಷ್ಟೇ.’ ಮೀಟರಿನಲ್ಲಿ 38,000. ಪಳಗಿದ ಮೆಕ್ಯಾನಿಕ್ ಮೀಟರ್ ನೋಡುವುದೇ ಇಲ್ಲ, ಬಗ್ಗಿ ಕ್ಲಚ್ ಪೆಡಲಿನ ರಬ್ಬರ್ ನೋಡುತ್ತಾನೆ. ಅದರ ಗೀರುಗಳು ಸವೆದು ನುಣುಪಾಗಿದ್ದರೆ ಗಾಡಿ ಲಕ್ಷದ ಹತ್ತಿರ ಬಂದಿದೆ ಎಂದು ಅವನ ಲೆಕ್ಕ. ಈಗಿನ ಡಿಜಿಟಲ್ ಮೀಟರನ್ನು ತಿರುಗಿಸಲು ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ, ಒಂದು ಉಪಕರಣ ಚುಚ್ಚಿದರೆ ಸಾಕು. ಮುಂದೆ ಟೈರು. ಅದರ ಬದಿಯಲ್ಲಿ ನಾಲ್ಕು ಅಂಕಿಯ ಗುರುತಿರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2021ರ ಕಾರಿಗೆ 2024ರ ಟೈರುಗಳಿದ್ದು ಮೀಟರ್ ಮಾತ್ರ 38,000 ಎನ್ನುತ್ತಿದ್ದರೆ, ಅಷ್ಟು ಬೇಗ ಟೈರು ಸವೆದದ್ದು ಯಾಕೆ ಎಂದು ಕೇಳಬೇಕು. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿದ್ದರೆ ಮುಂಭಾಗ ಒಮ್ಮೆ ಬಿಚ್ಚಿದ್ದಾರೆ. ಕೊನೆಗೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಬುಡದವರೆಗೂ ನೋಡುತ್ತಾನೆ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವ ಭಾಗದ ಬೇಸ್‌ಮೆಂಟುಗಳಲ್ಲಿ ಕಾರುಗಳು ಮುಳುಗಿದ ಮೇಲೆ ಈ ಪರೀಕ್ಷೆ ಕಡ್ಡಾಯವೇ ಆಗಿಬಿಟ್ಟಿದೆ. ಸೀಟು, ನೆಲಹಾಸು ತೊಳೆದು ಒಣಗಿಸುವವರು ಬೆಲ್ಟಿನ ತುದಿಯ ಕೆಸರಿನ ಗೆರೆಯನ್ನು ಮರೆಯುತ್ತಾರೆ.

ಈ ಪರೀಕ್ಷೆಯಲ್ಲಿ ಯಾರೂ ಕೇಳದ ಒಂದು ವಿಷಯವಿದೆ: ಅಪಘಾತದಲ್ಲಿ ಕಾರು ಎಷ್ಟು ಕಾಪಾಡುತ್ತದೆ? 2023ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವ್ಯಾಗನ್ ಆರ್‌ಗೆ ಸಿಕ್ಕಿದ್ದು ಒಂದು ಸ್ಟಾರ್, ಆಲ್ಟೊ ಕೆ10ಕ್ಕೆ ಎರಡು. ಆದರೂ 2024–25ರಲ್ಲಿ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರು ವ್ಯಾಗನ್ ಆರ್. ಮೈಲೇಜ್ ಹೆಚ್ಚಿಸಲು ತೂಕ ಇಳಿಸುತ್ತಾರೆ, ಗಟ್ಟಿತನಕ್ಕೆ ತೂಕ ಬೇಕು. ಐದು ಸ್ಟಾರಿನ ಟಾಟಾ ಪಂಚ್ 2024ರ ಕ್ಯಾಲೆಂಡರ್ ವರ್ಷದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದನ್ನು ನೋಡಿದರೆ ಹೊಸ ಕಾರಿನ ಗಿರಾಕಿ ಬದಲಾಗುತ್ತಿದ್ದಾನೆ ಎನ್ನಬಹುದು. ಹಳೆ ಕಾರಿನ ಅಂಗಳಕ್ಕೆ ಆ ಗಾಳಿ ಇನ್ನೂ ಬೀಸಿಲ್ಲ. ಮೈಲೇಜ್ ಮೋಹದ ಅತಿ ದೊಡ್ಡ ನಷ್ಟ ಇದೇ ಇರಬಹುದು.

ಎಲೆಕ್ಟ್ರಿಕ್ ಕಾರಿನ ಮರುಮಾರಾಟದ ಪಾಠವನ್ನು ಬೆಂಗಳೂರು ಎಲ್ಲರಿಗಿಂತ ಮೊದಲೇ ಕಲಿತಿದೆ. 2001ರಲ್ಲಿ ಇಲ್ಲೇ ಹುಟ್ಟಿದ ರೇವಾ ಲಂಡನ್ನಿನ ಬೀದಿಗಳಲ್ಲೂ ಜಿ-ವಿಜ್ ಹೆಸರಿನಲ್ಲಿ ಓಡಿತು. ಖರ್ಚು ಕಿ.ಮೀ.ಗೆ ಪೈಸೆಗಳಲ್ಲಿ. ಆದರೆ ಅದರ ಸೀಸದ ಬ್ಯಾಟರಿಗಳು ಕೆಲವೇ ವರ್ಷಕ್ಕೆ ಸೋತವು. ಬ್ಯಾಟರಿ ಸೋತ ರೇವಾವನ್ನು ಕೇಳುವವರಿರಲಿಲ್ಲ. ಇಂದಿನ ಟಿಯಾಗೊ ಇವಿ, ಕಾಮೆಟ್‌ಗಳ ಲಿಥಿಯಂ ಬ್ಯಾಟರಿ ಬಹಳ ಗಟ್ಟಿ, ಎಂಟು ವರ್ಷದ ವಾರಂಟಿಯೂ ಉಂಟು. ಹಾಗಿದ್ದೂ ಅದರ ಆರೋಗ್ಯವನ್ನು ಪೆಡಲಿನ ರಬ್ಬರ್ ನೋಡಿ ಹೇಳಲಾಗದು. ಬ್ಯಾಟರಿಗೆ ನಂಬಿಕಸ್ತ ಪ್ರಮಾಣಪತ್ರ ಸಿಗುವ ತನಕ ಹಳೆ ಇವಿಯ ಬೆಲೆ ಚೌಕಾಸಿಯ ಮೇಲೆ ನಿಲ್ಲುತ್ತದೆ.

ಈಗ ಎರಡೂ ಪ್ರಶ್ನೆಗಳನ್ನು ಒಂದೇ ಕಾಗದದ ಮೇಲೆ ಬರೆದು ನೋಡಬಹುದು. ನಿಜದ ಬಳಕೆಯಲ್ಲಿ ಒಂದು ಕಾರು 20, ಇನ್ನೊಂದು 16 ಕೊಡುತ್ತದೆ ಎಂದುಕೊಳ್ಳಿ. ವರ್ಷಕ್ಕೆ 6,000 ಕಿ.ಮೀ. ಓಡಿಸುವವರಿಗೆ ಇವೆರಡರ ವ್ಯತ್ಯಾಸ 75 ಲೀಟರ್, ಅದೇ 103ರ ದರದಲ್ಲಿ 7,725 ರೂಪಾಯಿ. ಐದು ವರ್ಷಕ್ಕೆ 39,000 ರೂಪಾಯಿಗೂ ಕಡಿಮೆ. ಕಡಿಮೆ ಮೈಲೇಜಿನ ಕಾರು ಮಾರುವಾಗ 50,000 ಹೆಚ್ಚಿಗೆ ತಂದರೆ ಅದೇ ಗೆದ್ದಂತೆ. ವರ್ಷಕ್ಕೆ 20,000 ಕಿ.ಮೀ. ಓಡಿಸುವವರಿಗೆ ವ್ಯತ್ಯಾಸ 25,750. ಐದು ವರ್ಷಕ್ಕೆ 1.29 ಲಕ್ಷ. ಇಲ್ಲಿ ಮೈಲೇಜಿನ ಮಾತಿಗೆ ತೂಕವಿದೆ. ನಡುವೆ ಎಲ್ಲೋ, ತಿಂಗಳಿಗೆ 650 ಕಿ.ಮೀ. ಸುತ್ತಮುತ್ತ, ತಕ್ಕಡಿ ಸಮವಾಗುತ್ತದೆ. ನಗರದ ಮಧ್ಯಮ ವರ್ಗದ ಎಷ್ಟೋ ಸಣ್ಣ ಕಾರುಗಳು ಅಷ್ಟೂ ಓಡದೆ, ವಾರವಿಡೀ ಹೊದಿಕೆ ಹೊದ್ದು ನಿಂತಿರುತ್ತವೆ.

ಅಂಥ ಮನೆಗಳಿಗೆ ಸಿಎನ್‌ಜಿಯೂ ಬೇಡ, ಹೊಸ ಕಾರೂ ಬೇಡ. ಮೂರು–ನಾಲ್ಕು ವರ್ಷ ಹಳೆಯ, ಸರ್ವಿಸ್ ದಾಖಲೆ ಪೂರ್ತಿ ಇರುವ, ಕೆಎ ನಂಬರಿನ ಪೆಟ್ರೋಲ್ ಕಾರು ಸಾಕು. ಬೆಲೆಯ ಕಡಿದಾದ ಇಳಿಜಾರನ್ನೂ ರಸ್ತೆ ತೆರಿಗೆಯನ್ನೂ ಮೊದಲ ಮಾಲೀಕ ಹೊತ್ತಾಗಿರುತ್ತದೆ. ದಿನಾ 60 ಕಿ.ಮೀ. ಓಡುವವರು ಮಾತ್ರ ಮೈಲೇಜ್ ಹಿಂದೆ ಹೋಗಲಿ, ಅದೂ ಕರಪತ್ರದ ಅಂಕಿ ನಂಬದೆ. ಟ್ಯಾಂಕ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮತ್ತೆ ಅದೇ ಬಂಕಿನಲ್ಲಿ ತುಂಬಿಸಿ ಭಾಗಿಸಿದರೆ ಸಿಗುವುದೇ ನಿಜವಾದ ಮೈಲೇಜ್.

ಮಾರುವವರಿಗೂ ಒಂದು ಮಾತು. ಹಣ ಎಣಿಸಿಕೊಂಡು ಕೀಲಿ ಕೊಟ್ಟ ಮಾತ್ರಕ್ಕೆ ಕಾರು ನಿಮ್ಮದಲ್ಲವಾಗುವುದಿಲ್ಲ. ಆರ್‌ಸಿಯಲ್ಲಿ ಹೆಸರಿರುವ ತನಕ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಬ್ರೋಕರ್ ‘ಎಲ್ಲಾ ನಾನು ನೋಡಿಕೊಳ್ಳುತ್ತೇನೆ’ ಎಂದರೂ ಫಾರಂ 29 ಮತ್ತು 30ಕ್ಕೆ ಸಹಿ ಮಾಡಿ, ಪ್ರತಿ ಇಟ್ಟುಕೊಂಡು, ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಿ. ವರ್ಷಗಟ್ಟಲೆ ಕ್ಲೇಮ್ ಇಲ್ಲದೆ ಗಳಿಸಿದ ವಿಮೆಯ ಬೋನಸ್ ಕಾರಿನದಲ್ಲ, ನಿಮ್ಮದು. ಅದು ಶೇ 50ರವರೆಗೂ ಇರಬಹುದು. ಕಾರಿನ ಜತೆ ಅದನ್ನೂ ಬಿಟ್ಟುಕೊಡಬೇಡಿ, ಪತ್ರ ಬರೆಸಿಕೊಂಡು ಮುಂದಿನ ಕಾರಿಗೆ ಬಳಸಿಕೊಳ್ಳಿ.